ಸಂಬಳವೋ, ಬಡ್ತಿಯೋ?

ಓದು ಮುಗಿಸಿದ ಮಗನಾಗಲಿ ಮಗಳಾಗಲಿ ಮಾರಾಟದ ವೃತ್ತಿಯನ್ನು ಹಿಡಿಯಲು ಹೊರಟಾಗ ಮನೆಯಲ್ಲಿ ಒಂದು ಚರ್ಚೆ ಏಳುವುದುಂಟು. ಒಂದು ಕಂಪೆನಿಯು ಹೆಚ್ಚು ಸಂಬಳವನ್ನು ಕೊಡಲು ಒಪ್ಪುತ್ತದೆ; ಆದರೆ ಅಲ್ಲಿ ಮೇಲಕ್ಕೆ ಹತ್ತುವ ಮೆಟ್ಟಿಲುಗಳು ವಿರಳ. ಇನ್ನೊಂದು ಕಂಪೆನಿಯು ಕಡಿಮೆ ಸಂಬಳವನ್ನು ಕೊಟ್ಟು, ಬೇಗನೆ ಬಡ್ತಿ ದೊರೆಯುವುದೆಂಬ ಆಸೆಯನ್ನು ತೋರಿಸುತ್ತದೆ. ತಿಂಗಳ ಖರ್ಚನ್ನು ತೂಗಿಸುವ ತಾಯಿಗೆ ಮೊದಲನೆಯದು ಲೇಸೆಂದು ತೋರುವುದು. ನಾಲ್ಕು ಜನರೆದುರಿಗೆ ಮಗನು ಮ್ಯಾನೇಜರನೆಂದು ಹೇಳಿಕೊಳ್ಳಬೇಕೆಂಬ ತಂದೆಗೆ ಎರಡನೆಯದು ಹಿಡಿಸುವುದು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಮಾಡುವುದು ಯುಕ್ತವಾಗಿದೆ.

ಮೊದಲು ಸಂಬಳವೆಂದರೇನೆಂಬುದನ್ನು ನೋಡೋಣ. ಮಾರಾಟದ ಕೆಲಸದಲ್ಲಿ ಕಾಗದದ ಮೇಲೆ ಬರೆದಿರುವ ಮೊತ್ತವೆಲ್ಲವೂ ಕೈಗೆ ಬರುವುದೆಂದು ತಿಳಿಯಬಾರದು. ಔಷಧದ ಕಂಪೆನಿಯ ಪ್ರತಿನಿಧಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ಅವನಿಗೆ ಮೂಲ ವೇತನವುಂಟು, ಭತ್ಯೆಗಳುಂಟು, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಉಂಟು. ಹುಬ್ಬಳ್ಳಿಯಲ್ಲಿ ಮನೆಮಾಡಿಕೊಂಡು ಗದಗ, ಹಾವೇರಿಗಳ ವೈದ್ಯರನ್ನೂ ಔಷಧದ ಅಂಗಡಿಗಳನ್ನೂ ಸುತ್ತುವವನಿಗೆ ಬರುವ ಪ್ರಯಾಣ ಭತ್ಯೆಯು ಪೆಟ್ರೋಲಿಗೂ ಊಟಕ್ಕೂ ಸರಿಹೋಗುವುದೇ ಹೊರತು ಸಂಪಾದನೆಯಲ್ಲ. ಇನ್ಸೆಂಟಿವ್ ಆದರೋ ಈ ತಿಂಗಳು ಬಂದದ್ದು ಮುಂದಿನ ತಿಂಗಳು ಬರುವುದೆಂಬ ಭರವಸೆಯಿಲ್ಲ. ಮೇಲಾಗಿ, ಈ ವರ್ಷ ಟಾರ್ಗೆಟ್ ಮುಟ್ಟಿದವನಿಗೆ ಬರುವ ವರ್ಷ ಅದನ್ನು ಏರಿಸಿಡುವುದೇ ಈ ವ್ಯಾಪಾರದ ವಾಡಿಕೆ. ಆದಕಾರಣ ಎರಡು ಕೆಲಸಗಳನ್ನು ಹೋಲಿಸುವಾಗ ನಿಶ್ಚಿತವಾಗಿ ಬರುವ ಹಣವನ್ನು ನಿಶ್ಚಿತವಾಗಿ ಬರುವ ಹಣದೊಡನೆಯೇ ಹೋಲಿಸತಕ್ಕದ್ದು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕೆಲಸದಲ್ಲಿ ತಿಂಗಳಿಗೆ 40,000 ರೂಪಾಯಿ ಸಂಬಳ, ವರ್ಷಕ್ಕೆ ನೂರಕ್ಕೆ 6ರಂತೆ ಏರಿಕೆ, ಬಡ್ತಿಯಿಲ್ಲ ಎಂದಿಟ್ಟುಕೊಳ್ಳಿರಿ. ಇನ್ನೊಂದರಲ್ಲಿ 32,000 ರೂಪಾಯಿ, ವರ್ಷದ ಏರಿಕೆ ಅಷ್ಟೇ. ಆದರೆ ಮೂರು ಮೂರು ವರ್ಷಕ್ಕೊಮ್ಮೆ ಬಡ್ತಿ, ಆ ಸಲ ನೂರಕ್ಕೆ 25ರಷ್ಟು ಏರಿಕೆ. ಮೊದಲನೆಯ ಬಡ್ತಿಯಾದ ನಾಲ್ಕನೆಯ ವರ್ಷದಲ್ಲಿಯೂ ಎರಡನೆಯ ಕೆಲಸದವನ ಸಂಬಳ 44,944; ಮೊದಲನೆಯವನದು ಅಷ್ಟರೊಳಗೆ 47,641 ಆಗಿರುತ್ತದೆ. ಏಳನೆಯ ವರ್ಷದಲ್ಲಿ, ಎರಡು ಬಡ್ತಿಗಳಾದ ಮೇಲೆ ಮಾತ್ರವೇ, ಎರಡನೆಯವನು ಮುಂದಾಗುತ್ತಾನೆ. ಅದುವರೆಗಿನ ಆರು ವರ್ಷಗಳಲ್ಲಿ ಅವನಿಗಾದ ಕೊರತೆ 4 ಲಕ್ಷ ರೂಪಾಯಿಗಳಿಗೂ ಸ್ವಲ್ಪ ಹೆಚ್ಚು. ಆ ಕೊರತೆಯೆಲ್ಲವೂ ತುಂಬಿಬರುವುದು ಮೂರನೆಯ ಬಡ್ತಿಯೂ ಆಗಿ, ಹತ್ತನೆಯ ವರ್ಷದ ಎಂಟನೆಯ ತಿಂಗಳು ಬಂದಾಗ. ಅಲ್ಲಿಂದ ಮುಂದೆ ಅವನ ಗಳಿಕೆ ವೇಗವಾಗಿ ಬೆಳೆಯುವುದೇನೋ ನಿಜ. ಆದರೆ ನಡುವೆ ಒಂದು ಬಡ್ತಿ ತಪ್ಪಿದರೂ ಆ ದಿನವು ಇನ್ನೂ ದೂರ ಸರಿಯುವುದು. ಹತ್ತು ವರ್ಷವೆಂದರೆ ಗೃಹಸ್ಥನಿಗೆ ಅಲ್ಪ ಕಾಲವಲ್ಲ. ತೊಟ್ಟಿಲಲ್ಲಿದ್ದ ಮಗುವು ಅಷ್ಟರೊಳಗೆ ಐದನೆಯ ತರಗತಿಯಲ್ಲಿರುವುದು.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಬೇಗ ಮೇಲೇರಬೇಕೆಂಬ ತರುಣರು ಎರಡೆರಡು ವರ್ಷಕ್ಕೆ ಕಂಪೆನಿಯನ್ನು ಬದಲಿಸುವುದುಂಟು. ಖಾಯಂ ನೌಕರನು ಒಂದೇ ಕಡೆ ಐದು ವರ್ಷ ಎಡೆಬಿಡದೆ ದುಡಿದರೆ, ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಅವನಿಗೆ ಗ್ರಾಚ್ಯುಯಿಟಿ ಸಲ್ಲುತ್ತದೆ. ತಿಂಗಳ ವೇತನವನ್ನು 26ರಿಂದ ಭಾಗಿಸಿ ಒಂದು ದಿನದ್ದನ್ನು ತೆಗೆಯುವುದು ಪದ್ಧತಿ. ಈ ಲೆಕ್ಕದ ವೇತನವು 26,000 ಇದ್ದವನಿಗೆ ಐದು ವರ್ಷಕ್ಕೆ ಇದು 75,000 ರೂಪಾಯಿಗಳಾಗುವುದು. ನಾಲ್ಕು ವರ್ಷ ತುಂಬುವ ಮೊದಲೇ ರಾಜೀನಾಮೆಯನ್ನು ಕೊಟ್ಟವನು ಅದನ್ನು ಬಿಟ್ಟುಹೋದಂತೆಯೇ ಸರಿ. ಪ್ರಾವಿಡೆಂಟ್ ಫಂಡಿನ ಹಣವಾದರೋ ಮೂಲ ವೇತನ, ತುಟ್ಟಿಭತ್ಯೆಗಳನ್ನು ಆಧರಿಸಿದ್ದು. ಕಮಿಷನ್ನಿನ ಹಣವು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಸೇರದು. ಕಮಿಷನ್ನನ್ನೇ ನಂಬಿದ ದೊಡ್ಡ ಸಂಬಳವು ವೃದ್ಧಾಪ್ಯದ ಗಂಟನ್ನು ಅದೇ ಪ್ರಮಾಣದಲ್ಲಿ ಬೆಳೆಸುವುದಿಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ಬಡ್ತಿಯೆಂದರೇನು? ಅದು ಕೇವಲ ಹೆಸರಿನ ಬದಲಾವಣೆಯಾಗಿರುವುದೂ ಉಂಟು. ಕೈಕೆಳಗೆ ಒಬ್ಬ ನೌಕರನೂ ಇಲ್ಲದವನಿಗೆ ಟೆರಿಟರಿ ಮ್ಯಾನೇಜರ್ ಎಂಬ ಬಿರುದನ್ನು ಕೊಡುವ ಕಂಪೆನಿಗಳಿವೆ. ಚೀಟಿಯಲ್ಲಿ ಅಚ್ಚಾದ ಹೆಸರು ಮನೆಯ ಒಲೆಯನ್ನು ಉರಿಸಲಾರದು. ನಿಜವಾದ ಬಡ್ತಿಯಾದರೋ ಕೆಲಸವನ್ನೇ ಬದಲಿಸಿಬಿಡುತ್ತದೆ. ನಿನ್ನೆಯವರೆಗೆ ತಾನು ಮಾರುತ್ತಿದ್ದವನು ಇಂದಿನಿಂದ ಎಂಟು ಹತ್ತು ಮಂದಿ ಮಾರುವಂತೆ ಮಾಡಬೇಕು. ಇವೆರಡೂ ಬೇರೆ ಬೇರೆ ವಿದ್ಯೆಗಳು. 1969ರಲ್ಲಿ ಲಾರೆನ್ಸ್ ಪೀಟರ್, ರೇಮಂಡ್ ಹಲ್ ಎಂಬಿಬ್ಬರು ‘ದಿ ಪೀಟರ್ ಪ್ರಿನ್ಸಿಪಲ್’ ಎಂಬ ಗ್ರಂಥದಲ್ಲಿ, ನೌಕರನು ತನ್ನ ಕೈಲಾಗದ ಹುದ್ದೆಯನ್ನು ಮುಟ್ಟುವವರೆಗೂ ಮೇಲೇರುತ್ತಲೇ ಹೋಗುವನೆಂದು ವಿನೋದವಾಗಿ ಬರೆದರು. ಅದು ಬರಿಯ ವಿನೋದವಲ್ಲವೆಂದು 2019ರಲ್ಲಿ ಅಲನ್ ಬೆನ್ಸನ್, ಡೇನಿಯೆಲ್ ಲೀ, ಕೆಲ್ಲಿ ಶೂ ಎಂಬ ಮೂವರು ಪಂಡಿತರು ಅಮೆರಿಕದ ಕಂಪೆನಿಗಳ ಮಾರಾಟಗಾರರ ದಾಖಲೆಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟರು. ಅತಿ ಹೆಚ್ಚು ಮಾರಿದವರಿಗೇ ಬಡ್ತಿಯು ಸುಲಭವಾಗಿ ದೊರೆಯುತ್ತಿತ್ತು. ಆದರೆ ಅಂಥವರ ಕೈಕೆಳಗಿನವರ ಮಾರಾಟವೇ ಕುಗ್ಗುತ್ತಿತ್ತು. ಇತರರೊಡನೆ ಕೂಡಿ ಮಾರುವ ಅಭ್ಯಾಸವಿದ್ದವರು ಮಾತ್ರ ಒಳ್ಳೆಯ ಮ್ಯಾನೇಜರರಾದರು.

ಇನ್ನೊಂದು ಸಂಗತಿ. ಮಾರಾಟ ಪ್ರತಿನಿಧಿಗಳ ರಕ್ಷಣೆಗೆಂದು ನಮ್ಮ ದೇಶದಲ್ಲಿ 1976ರಲ್ಲಿ ಪ್ರತ್ಯೇಕವಾದ ಕಾನೂನೊಂದು ಆಯಿತು. ನೇಮಕದ ಪತ್ರವನ್ನು ಕೊಡಲೇಬೇಕೆಂದೂ, ದುಡಿದ ಕಾಲದ ಹನ್ನೊಂದನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಗಳಿಕೆಯ ರಜೆ ಸಲ್ಲಬೇಕೆಂದೂ ಅದು ವಿಧಿಸಿತು. ಆ ಕಾನೂನು ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅಡಗಿದೆ. ಆದರೆ ಮುಖ್ಯವಾಗಿ ಆಡಳಿತವನ್ನು ನಡೆಸುವ ಮ್ಯಾನೇಜರರು ಆಗಲೂ ಈ ರಕ್ಷಣೆಯ ಹೊರಗೇ ಇದ್ದರು. ಮೇಲಣ ಮೆಟ್ಟಿಲನ್ನು ಹತ್ತುವವನು ಕೆಳಗಣ ಮೆಟ್ಟಿಲಿನ ಆಸರೆಯನ್ನು ಬಿಡಬೇಕಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಇಷ್ಟನ್ನು ಹೇಳಿದುದರಿಂದ ಬಡ್ತಿಯ ದಾರಿ ಕೆಟ್ಟದ್ದೆಂದು ವಾಚಕರು ಭಾವಿಸಬಾರದು. ಬಿಸಿಲಿನಲ್ಲಿ ದಿನಕ್ಕೆ ಹತ್ತಾರು ಅಂಗಡಿಗಳನ್ನು ಸುತ್ತುವ ಶಕ್ತಿಯು ಇಪ್ಪತ್ತೈದರಲ್ಲಿ ಇದ್ದಂತೆ ಐವತ್ತರಲ್ಲಿ ಇರದು. ಹೆಚ್ಚು ಸಂಬಳದ ಆಸೆಗೆ ಒಂದೇ ಮೆಟ್ಟಿಲಲ್ಲಿ ನಿಂತವನು, ವಯಸ್ಸಾದ ಮೇಲೆ ತರುಣರೊಡನೆ ಅದೇ ಟಾರ್ಗೆಟ್ಟಿಗಾಗಿ ಸೆಣಸಬೇಕಾಗುವುದು. ಆದ್ದರಿಂದ ಬಡ್ತಿಯ ಮಾತು ನಿಜವೋ ಬರಿಯ ಮಾತೋ ಎಂಬುದನ್ನು ಸೇರುವ ಮೊದಲೇ ಕೇಳಿ ತಿಳಿಯಬೇಕು. ಕಳೆದ ಮೂರು ವರ್ಷಗಳಲ್ಲಿ ಈ ಹುದ್ದೆಯಿಂದ ಎಷ್ಟು ಮಂದಿ ಮೇಲೆ ಹೋದರು? ಎಷ್ಟು ವರ್ಷಕ್ಕೆ ಹೋದರು? ಮೇಲಣ ಹುದ್ದೆಗೆ ಒಳಗಿನವರನ್ನು ತೆಗೆದುಕೊಳ್ಳುವರೋ, ಹೊರಗಿನವರನ್ನು ತರುವರೋ? ಬಡ್ತಿಯೊಡನೆ ಪರವೂರಿಗೆ ವರ್ಗವಾಗಬೇಕೋ? ತನ್ನ ಮಾರಾಟದ ಇನ್ಸೆಂಟಿವ್ ತಪ್ಪಿದ ಮೇಲೆ ಕೈಗೆ ಬರುವುದು ಎಷ್ಟು? ಇವನ್ನು ಕಂಪೆನಿಯ ಅಧಿಕಾರಿಯನ್ನು ಕೇಳುವುದರ ಜೊತೆಗೆ ಅಲ್ಲಿ ದುಡಿಯುತ್ತಿರುವ ಪ್ರತಿನಿಧಿಯನ್ನೂ ಕೇಳುವುದು ಲೇಸು. ಉತ್ತರಗಳು ಅಸ್ಪಷ್ಟವಾಗಿದ್ದರೆ, ಆ ಬಡ್ತಿಯನ್ನು ನಂಬಿ ಇಂದಿನ ಸಂಬಳವನ್ನು ಬಿಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಕೊನೆಯದಾಗಿ, ಈ ಪ್ರಶ್ನೆಗೆ ಎಲ್ಲ ಮನೆಗಳಿಗೂ ಒಂದೇ ಉತ್ತರವಿಲ್ಲ. ತೀರಿಸಬೇಕಾದ ಸಾಲ, ಮದುವೆಯಾಗಬೇಕಾದ ತಂಗಿ, ಔಷಧೋಪಚಾರ ಬೇಕಾದ ಹಿರಿಯರು ಇದ್ದಲ್ಲಿ ನಿಶ್ಚಿತವಾದ ಹೆಚ್ಚು ಸಂಬಳವನ್ನೇ ಹಿಡಿಯಬೇಕು; ಅಲ್ಲಿ ಹತ್ತು ವರ್ಷ ಕಾಯುವ ಸೌಕರ್ಯವಿಲ್ಲ. ಮನೆಯ ಭಾರ ಹಗುರವಾಗಿದ್ದು, ಆರು ತಿಂಗಳ ಖರ್ಚಿಗೆ ಸಾಲುವಷ್ಟು ಕೂಡಿಟ್ಟ ಹಣವಿದ್ದು, ಜನರನ್ನು ಕೂಡಿಸಿಕೊಂಡು ನಡೆಯುವ ಗುಣ ಮಗನಲ್ಲಿ ಕಂಡರೆ, ಕಡಿಮೆ ಸಂಬಳದ ಕೆಲಸಕ್ಕೆ ಸಂತೋಷದಿಂದ ಕಳುಹಿಸಬಹುದು. ಆಗಲೂ ಒಂದು ಅವಧಿಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ನಾಲ್ಕು ವರ್ಷದೊಳಗೆ ಮೊದಲನೆಯ ಬಡ್ತಿ ಬಾರದಿದ್ದರೆ ಲೆಕ್ಕವನ್ನು ಮತ್ತೆ ಮಾಡಬೇಕು. ತೀರ್ಮಾನವನ್ನು ತಂದೆಯೊಬ್ಬನೇ ಮಾಡದೆ, ದುಡಿಯುವವನೂ ಖರ್ಚನ್ನು ನಡೆಸುವವಳೂ ಕಾಗದ ಪೆನ್ಸಿಲು ಹಿಡಿದು ಕೂಡಿ ಕುಳಿತು ಮಾಡಿದರೆ, ಮುಂದೆ ಕಷ್ಟದ ತಿಂಗಳು ಬಂದಾಗಲೂ ಒಬ್ಬರನ್ನೊಬ್ಬರು ದೂರುವ ಪ್ರಸಂಗ ಒದಗುವುದಿಲ್ಲ.