ಗೆಳೆಯನ ಮಾತು

ಉಪದೇಶವು ಮೂರು ಬಗೆಯದೆಂದು ನಮ್ಮ ಆಲಂಕಾರಿಕರು ಎಣಿಸಿದ್ದಾರೆ. ವೇದವು ಅರಸನಂತೆ ಆಜ್ಞಾಪಿಸುವುದು, ಪುರಾಣವು ಗೆಳೆಯನಂತೆ ತಿಳಿಯಹೇಳುವುದು, ಕಾವ್ಯವು ಕಾಂತೆಯಂತೆ ಮನವೊಲಿಸುವುದು. ಮಮ್ಮಟನನ್ನು ಓದಿದವರಿಗೆ ಇದು ಹೊಸತಲ್ಲ. ನಡುವಣದಕ್ಕೆ ಸುಹೃತ್ಸಮ್ಮಿತವೆಂದು ಹೆಸರು. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಗೃಹಸ್ಥರ ಜಗಲಿಯಲ್ಲಿ ಯಾರೂ ಬಾಯಿಬಿಟ್ಟು ಆಡದಂತಹದು: ಗುಹ್ಯರೋಗಗಳಿಂದಲೂ ಎಚ್.ಐ.ವಿ.ಯಿಂದಲೂ ತರುಣರನ್ನು ಕಾಪಾಡುವ ಬಗೆ. ಇದರಲ್ಲಿ ಅರಸನ ದನಿಗಿಂತ ಗೆಳೆಯನ ದನಿಯೇ ಫಲಕಾರಿಯೆಂದು ನಮ್ಮ ಅಭಿಪ್ರಾಯ.

ನಿದರ್ಶನವು ಮೈಸೂರಿನಲ್ಲಿಯೇ ಉಂಟು. 2004ರಲ್ಲಿ ಅಲ್ಲಿ ಲೈಂಗಿಕ ವೃತ್ತಿಯ ಸ್ತ್ರೀಯರ ನಡುವೆ ಏಡ್ಸ್ ತಡೆಯುವ ಕಾರ್ಯವು ಆರಂಭವಾಯಿತು. ತಿಳಿಯಹೇಳಲು ಹೊರಟವರು ಆ ವೃತ್ತಿಯ ಸ್ತ್ರೀಯರೇ. ಯಾವ ಹೊತ್ತಿನಲ್ಲಿ ಯಾರನ್ನು ಎಲ್ಲಿ ಕಾಣಬೇಕು, ಕಾಂಡೋಮ್ ಬೇಡವೆನ್ನುವ ಗಿರಾಕಿಗೆ ಏನು ಉತ್ತರ ಕೊಡಬೇಕು ಎಂಬುದು ಹೊರಗಿನ ಬೋಧಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರು ಕಟ್ಟಿಕೊಂಡ ಸಂಘವೇ ಆಶೋದಯ ಸಮಿತಿ. 2004ರ ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿದರೆ, ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಗಳೊಡನೆ ಕಾಂಡೋಮಿನ ಬಳಕೆಯು ನೂರಕ್ಕೆ 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿದಿತ್ತು. ಎಚ್.ಐ.ವಿ. ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ನಿಂತಿತು. ಒಮ್ಮೆ ಹೊಕ್ಕ ವೈರಸ್ಸು ದೇಹವನ್ನು ಬಿಡುವುದಿಲ್ಲವಷ್ಟೆ.

ಇಂತಹ ವಿಷಯದಲ್ಲಿ ಹುಡುಗರು ಮೇಷ್ಟರ ಮಾತಿಗಿಂತ ಹಿಂದಿನ ಬೆಂಚಿನವನ ಮಾತನ್ನೇ ನಂಬುವರೆಂಬುದನ್ನು ನಾವು ಬಹುಕಾಲ ಕಣ್ಣಾರೆ ಕಂಡಿದ್ದೇವೆ. ಆ ಬೆಂಚಿನವನಿಗೆ ಸರಿಯಾದುದು ತಿಳಿದಿರುವಂತೆ ಮಾಡುವುದೇ ಉಪಾಯ.

ನಮ್ಮ ಕೋಡಿಯ ಕಡೆ ನೋಡೋಣ. ಇಲ್ಲಿಯ ಗಂಡಸರಲ್ಲಿ ಕೆಲವರು ಬೋಟಿನಲ್ಲಿ ದಿನಗಟ್ಟಲೆ, ಕೆಲವರು ಮುಂಬಯಿ ಬೆಂಗಳೂರುಗಳ ಹೋಟೆಲುಗಳಲ್ಲಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುತ್ತಾರೆ. ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ರೋಗವು ಉಪಾಧ್ಯಾಯರಿಗೂ ವಿನಾಯಿತಿ ಕೊಟ್ಟಿಲ್ಲ. ಆದರೆ ಪರಸ್ಥಳದಲ್ಲಿ ತಗಲಿದ ರೋಗವು ಏನನ್ನೂ ಅರಿಯದ ಹೆಂಡತಿಗೂ ಗರ್ಭದ ಶಿಶುವಿಗೂ ತಗಲಬಹುದು. ಅಪ್ಪಯ್ಯನು ಈ ಮಾತನ್ನೆತ್ತಿದರೆ ಮಗನು ತಲೆತಗ್ಗಿಸಿ ಎದ್ದುಹೋಗುವನು. ಹತ್ತು ವರ್ಷ ಹೋಟೆಲಿನಲ್ಲಿ ದುಡಿದ ಭಾವನೋ ಬೋಟಿನ ತಾಂಡೇಲನೋ ಹೇಳಿದರೆ ಕುಳಿತು ಕೇಳುವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬಲೆ ಸರಿಪಡಿಸುತ್ತ ಕುಳಿತಿರುವ ಆ ಎರಡು ತಿಂಗಳು ಇದಕ್ಕೆ ಸಕಾಲ.

ಹೇಳಬೇಕಾದುದು ಹೆಚ್ಚಿಲ್ಲ. ಕಾಂಡೋಮ್ ಬಳಸತಕ್ಕದ್ದು. ಹುಣ್ಣು, ಉರಿಮೂತ್ರ ಕಂಡರೆ ಗುಟ್ಟಾಗಿ ಮದ್ದು ಕೊಳ್ಳದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಂಶಯವಿದ್ದರೆ ಸರಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ರಕ್ತಪರೀಕ್ಷೆ ಉಚಿತ, ಎಚ್.ಐ.ವಿ. ಔಷಧವನ್ನೂ ಸರಕಾರವು 2004ರಿಂದ ಉಚಿತವಾಗಿ ಕೊಡುತ್ತಿದೆ. ಒಪ್ಪಿಗೆಯಿಲ್ಲದೆ ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂದು 2017ರ ಕಾನೂನು ವಿಧಿಸಿದೆ. ಮುಖ ತೋರಿಸಲು ನಾಚುವವರು 1097ಕ್ಕೆ ದೂರವಾಣಿಯಲ್ಲಿ ಕೇಳಬಹುದು.

ಹೆಂಗಸರ ವಿಷಯವೂ ಇದೇ. ಅತ್ತೆಗೆ ಹೇಳಲಾರದುದನ್ನು ಸೊಸೆಯು ನೆರೆಮನೆಯ ಗೆಳತಿಗೆ ಹೇಳುವಳು. ಆ ಗೆಳತಿಯು ಜೊತೆಗೆ ಬರುತ್ತೇನೆಂದರೆ, ಬಿಳಿಸೆರಗನ್ನೂ ಕೆಳಹೊಟ್ಟೆಯ ನೋವನ್ನೂ ವರ್ಷಗಟ್ಟಲೆ ನುಂಗಿಕೊಂಡಿದ್ದವಳು ಮರುದಿನವೇ ಆಸ್ಪತ್ರೆಯ ಮೆಟ್ಟಲು ಹತ್ತುವಳು.