ಬತ್ತುವ ಕೆರೆಯನ್ನು ಬೈಬೇಡಿ

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷಕ್ಕೆ. ನಮ್ಮ ಕಡೆಯವರ ವಾಟ್ಸಾಪ್ ಸ್ಟೇಟಸ್‌ಗಳೆಲ್ಲ ಮಾರಿಕಣಿವೆಮಯ. ಖುಷಿಪಡಬೇಕಾದ್ದೇ ಬಿಡಿ. ಆದರೆ ಕಣ್ಣಿಗೆ ಕಂಡರೆ ಮಾತ್ರ ನೀರು ಅನ್ನುವ ಬುದ್ಧಿ ಇದೆಯಲ್ಲ, ನನ್ನ ಜಗಳ ಅದರ ಜೊತೆ.

ಹೊಸದುರ್ಗ, ಹೊಳಲ್ಕೆರೆ ಕಡೆ ಇಂಗುಕೆರೆ ಮಳೆ ನಿಂತ ಕೆಲವೇ ವಾರಕ್ಕೆ ಒಣಗಿದರೆ 'ದುಡ್ಡು ದಂಡ' ಅಂತೀವಿ. ಅಲ್ಲ ಕಣ್ರೀ, ಅದನ್ನ ಕಟ್ಟಿದ್ದೇ ನೀರು ಕೆಳಗಿಳೀಲಿ ಅಂತ! ಬೇಸಿಗೆವರೆಗೂ ತುಳುಕುವ ಇಂಗುಕೆರೆಯೇ ಫೇಲಾದ ಕೆರೆ. ಅಲ್ಲಿ ನೀರು ಇಂಗುತ್ತಿಲ್ಲ, ಆವಿಯಾಗೋಕೆ ಕಾಯ್ತಾ ಕೂತಿದೆ.

ಕಾರಣ ಹೂಳು. ಮರಳು ನೆಲ ಗಂಟೆಗೆ 30 ಮಿಲಿಮೀಟರ್‌ಗಿಂತ ಹೆಚ್ಚು ನೀರು ಕುಡಿದರೆ, ಜೇಡಿಮಣ್ಣು ಕುಡಿಯೋದು 1ರಿಂದ 5 ಮಿಲಿಮೀಟರ್. ತಳದಲ್ಲಿ ಒಂದೆರಡು ಇಂಚು ನುಣ್ಣನೆ ಜೇಡಿ ಕೂತರೆ ಸಾಕು, ಕೆಳಗಿನ ಮರಳಿಗೂ ಉಪವಾಸ. ಕೆರೆ ಒಣಗಿದಾಗ ಆ ಪದರ ಬಿರುಕು ಬಿಡುತ್ತೆ. ಆಗ ಕೆರೆದು ತೆಗೀಬೇಕು. ಹಿಂದೆ ರೈತರು ಬೇಸಿಗೇಲಿ ಗೋಡುಮಣ್ಣನ್ನು ಗಾಡೀಲಿ ಹೊಲಕ್ಕೆ ಹೊಡೀತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಉಸಿರು.

ನಮ್ಮ ಜಿಲ್ಲೆಯ ಬಹುಭಾಗದ ಅಡಿಪಾಯ ಗಟ್ಟಿಬಂಡೆ. ನೀರು ನಿಲ್ಲೋದು ಅದರ ಮೇಲಿನ ಶಿಥಿಲ ಪದರದಲ್ಲಿ, ಬಂಡೆಯ ಸೀಳುಗಳಲ್ಲಿ. ಸಾವಿರ ಅಡಿ ಕೊರೆದ ಮಾತ್ರಕ್ಕೆ ನೀರು ಹುಟ್ಟಲ್ಲ. ಎಷ್ಟೋ ಸಲ ಪಕ್ಕದ ಹೊಲದವನ ಪಾಲನ್ನೇ ಎಳ್ಕೊಳ್ತೀವಿ.

ಬೆಂಗಳೂರಲ್ಲಿ ಕೂತು ಹಿರಿಯೂರಲ್ಲಿ ತೋಟ ಮಾಡುವ ಟೆಕ್ಕಿಗಳೇ, ಇದು ನಮಗೇ ಹೇಳಿದ್ದು. 2014ರಲ್ಲಿ ಶುರುವಾದ ಕೃಷಿಭಾಗ್ಯದ ಹೊಂಡಕ್ಕೆ ಪ್ಲಾಸ್ಟಿಕ್ ಹಾಸೋದು ಮಳೆನೀರು ಇಂಗದೆ ನಿಲ್ಲಲಿ ಅಂತ. ಒಣಬೇಸಾಯಕ್ಕೆ ಅದು ಸರಿ. ಅದಕ್ಕೇ ಬೋರ್‌ವೆಲ್ ನೀರು ತುಂಬಿಸಿ 'ಜಲಸಂರಕ್ಷಣೆ' ಅಂದರೆ ಹೆಂಗೆ? ನೆಲದೊಳಗೆ ತಂಪಾಗಿದ್ದ ನೀರನ್ನ ಮೇಲೆತ್ತಿ ಬಿಸಿಲಿಗೆ ಹರವಿದ ಹಾಗಾಯ್ತು.

ಇನ್ನು ಕಂಪನಿಗಳ ಸಿಎಸ್ಆರ್ ಕೆರೆಗಳು. ಏರಿ ಮೇಲೆ ವಾಕಿಂಗ್ ಪಾತ್, ದೊಡ್ಡ ಬೋರ್ಡು, ಉದ್ಘಾಟನೆ ಫೋಟೋ. ಮೂರು ವರ್ಷದ ಮೇಲೆ ಹೂಳು ತೆಗೆಯೋರು ಯಾರು? ರಿಲೀಸ್ ಆದಮೇಲೆ ಮೇಂಟೆನೆನ್ಸ್ ಇರುತ್ತೆ ಅಂತ ಸಾಫ್ಟ್‌ವೇರಿನವರಿಗೂ ಹೇಳಿಕೊಡಬೇಕಾ?

ಬಯಲುಸೀಮೆ ಅಂತ ಅಳೋದು ಬೇಡ. ಒಂದು ಎಕರೆ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 24 ಲಕ್ಷ ಲೀಟರ್. ಮುಂದಿನ ಸಲ ನಿಮ್ಮ ಆಫೀಸು ಕೆರೆಗೆ ದುಡ್ಡು ಕೊಡುವಾಗ ಎರಡೇ ಪ್ರಶ್ನೆ ಕೇಳಿ: ಹೂಳು ಯಾವ ಬೇಸಿಗೇಲಿ ಯಾರು ತೆಗೀತಾರೆ? ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟ ಮಳೆಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು? ಉತ್ತರ ಇಲ್ಲ ಅಂದರೆ ಚೆಕ್‌ಗೆ ಸಹಿ ಬೇಡ.