ಕಿವಿಗೆ ಎಣ್ಣೆ ಬಿಟ್ಟು ಕಾಯಬೇಡಿ

ಬೆಳಿಗ್ಗೆ ಎದ್ದರೆ ಒಂದು ಕಿವಿ ಬಂದ್. ಮೊಬೈಲ್ ಹಿಡಿದರೆ ಮಾತಿಲ್ಲ, ಒಳಗೆ ಗುಂಯ್ ಎಂಬ ಸದ್ದು ಮಾತ್ರ. ನಮ್ಮೂರುಗಳಲ್ಲಿ ಉತ್ತರ ಸಿದ್ಧವಿದೆ: "ಗುಗ್ಗೆ ಕಟ್ಟಿರಬೇಕು, ಎಣ್ಣೆ ಕಾಯಿಸಿ ಬಿಡು." ಆಮೇಲೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್. ಹೀಗೇ 15 ದಿನ ಕಳೆಯುತ್ತದೆ. ಚಿಕಿತ್ಸೆ ಆಗಬೇಕಿದ್ದದ್ದು ಆ 15 ದಿನದಲ್ಲೇ!

3 ದಿನದೊಳಗೆ ಹಠಾತ್ತಾಗಿ ಕೇಳಿಸದಂತಾದರೆ ಅದು ಒಳಕಿವಿ ಅಥವಾ ನರದ ತೊಂದರೆ ಇರಬಹುದು. ಎಣ್ಣೆ ಅಲ್ಲಿಗೆ ತಲುಪುವುದಿಲ್ಲ, ತಮಟೆ ಅಡ್ಡ ಇದೆ. ವೈದ್ಯರು ಸ್ಟೀರಾಯ್ಡ್ ಶುರು ಮಾಡುವುದು ಮೊದಲ 2 ವಾರದೊಳಗೆ. ಗುಣ ಕಾಣದಿದ್ದರೆ ತಮಟೆಯ ಮೂಲಕ ಇಂಜೆಕ್ಷನ್, ಅದೂ ಸುಮಾರು 6 ವಾರದೊಳಗೆ.

ಕೆಲವರಿಗೆ ಔಷಧಿಯಿಲ್ಲದೆಯೂ ವಾಸಿಯಾಗುತ್ತದೆ, ನಿಜ. "ನಮ್ಮ ಮಾವನಿಗೆ ಎಣ್ಣೆಯಿಂದಲೇ ಸರಿಹೋಯ್ತು" ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಆದರೆ ತೀರಾ ಕೇಳಿಸದವರಿಗೆ, ಜೊತೆಗೆ ತಲೆಸುತ್ತು ಬಂದವರಿಗೆ, ವಯಸ್ಸಾದವರಿಗೆ ಆ ಅದೃಷ್ಟ ಕಡಿಮೆ. ಸ್ಟೀರಾಯ್ಡ್ ಕೂಡ ಗ್ಯಾರಂಟಿಯಲ್ಲ. ತಡಮಾಡಿದರೆ ಆ ಅವಕಾಶವೂ ಇಲ್ಲ.

ಜನರನ್ನಷ್ಟೇ ಬೈದರೆ ಅನ್ಯಾಯ. ಗುಗ್ಗೆಯೋ ನರವೋ ಎಂದು ಅಂದಾಜು ಮಾಡಲು ಕಿವಿ ನೋಡುವ ಟಾರ್ಚು, ಒಂದು ಟ್ಯೂನಿಂಗ್ ಫೋರ್ಕ್ ಸಾಕು. ಹೈಸ್ಕೂಲ್ ಲ್ಯಾಬಿನಲ್ಲಿ ನಾವು ತಟ್ಟಿ ನೋಡಿದಂಥದ್ದೇ. ಅದನ್ನು ಪ್ರತಿ ಆರೋಗ್ಯ ಕೇಂದ್ರದ ಮೇಜಿನ ಮೇಲಿಡಲು ಯಾವ ದೊಡ್ಡ ಬಜೆಟ್ ಬೇಕು? ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವುಡುತನ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಹಳ್ಳಿಯ ಕಿವಿಗೆ ಮಾತ್ರ ಇನ್ನೂ ಎಣ್ಣೆಯೇ ಗತಿಯೇ?

ಕಣ್ಣು ಹಠಾತ್ತಾಗಿ ಕಾಣದಿದ್ದರೆ ಯಾರೂ ಕಾಯುವುದಿಲ್ಲ. ಕಿವಿಗೂ ಅಷ್ಟೇ ಬೆಲೆ ಕೊಡಿ. ಅವತ್ತೇ ಬಸ್ ಹತ್ತಿ, ಕಿವಿ ಡಾಕ್ಟರ್ ಹತ್ತಿರ ಹೋಗಿ. ಶುಗರ್ ಇದ್ದರೆ ಮೊದಲೇ ಹೇಳಿ.